ಒಂಟಿ ಕದದ ಬಾಗಿಲು

ನಮ್ಮ ಊರಿಗೆ ಹೊಸದಾಗಿ ಬಂದವರು ಮೊದಲು ಕೇಳುವುದು ಅಲ್ಮಾರಿಗಳ ಬಗ್ಗೆ. ಇಷ್ಟು ಚಿಕ್ಕ ಊರಿನಲ್ಲಿ ಇಷ್ಟೊಂದು ಬಡಗಿಗಳೇ, ಮನೆಮನೆಗೂ ಇಷ್ಟು ಭಾರಿ ಅಲ್ಮಾರಿಗಳೇ, ಅಷ್ಟೊಂದು ಬಟ್ಟೆ ನಿಮಗೆ ಎಲ್ಲಿಂದ ಬಂತು ಎಂದು. ಬಟ್ಟೆ ಎಲ್ಲಿಂದಲೂ ಬಂದಿಲ್ಲ. ಅರ್ಧಕ್ಕರ್ಧ ಅಲ್ಮಾರಿಗಳಲ್ಲಿ ಇರುವುದು ಹಳೆಯ ರಜಾಯಿ, ಕಡ್ಡಿ ಮುರಿದ ಕೊಡೆ, ಮದುವೆಯಲ್ಲಿ ಬಂದು ಇನ್ನೂ ಪೆಟ್ಟಿಗೆ ಬಿಚ್ಚದ ಗಾಜಿನ ಲೋಟಗಳು. ಅಲ್ಮಾರಿಯನ್ನು ಇಟ್ಟಿರುವುದು ಒಳಗೆ ಏನಾದರೂ ಇಡಲಿಕ್ಕಲ್ಲ, ಹಿಂದೆ ಇರುವುದು ಕಾಣದಿರಲಿ ಎಂದು. ಹಿಂದೆ ಇರುವುದು ಹೆಣ್ಣುಮಕ್ಕಳ ಬಾಗಿಲು.

ಮನೆಯ ಯಜಮಾನ ತೀರಿಕೊಂಡು, ನಲವತ್ತನೆಯ ದಿನದ ಫಾತಿಹಾ ಪ್ರಾರ್ಥನೆ ಮುಗಿದ ಮಾರನೆಯ ಬೆಳಿಗ್ಗೆ ನಮ್ಮಲ್ಲಿ ಗೋಡೆಗಳಿಗೆ ಬಾಗಿಲು ಬರುತ್ತವೆ. ಗಂಡುಮಕ್ಕಳಿಗೆ ಜೋಡಿ ಕದದ್ದು, ಹೆಣ್ಣುಮಕ್ಕಳಿಗೆ ಒಂಟಿ ಕದದ್ದು, ಹೆಂಡತಿಗೆ ತಲೆ ಬಗ್ಗಿಸಿ ದಾಟಬೇಕಾದ ಒಂದು ಗಿಡ್ಡ ಬಾಗಿಲು. ಯಾವ ಕೋಣೆಗೆ ಯಾರ ಬಾಗಿಲು ಬಂತೋ ಆ ಕೋಣೆ ಅವರದು. ಅವರವರ ಬಾಗಿಲು ಅವರವರ ಕೈಗೆ ಮಾತ್ರ ತೆರೆಯುತ್ತದೆ. ಬೇರೆಯವರು ಎಷ್ಟು ನೂಕಿದರೂ ಅಲ್ಲಾಡುವುದಿಲ್ಲ. ಇದು ನಮ್ಮ ಅಜ್ಜಂದಿರ ಅಜ್ಜಂದಿರ ಕಾಲದಿಂದ ಹೀಗೆಯೇ ಇರುವುದರಿಂದ ನಾವು ಯಾರೂ ಇದಕ್ಕೆ ಹುಬ್ಬೇರಿಸುವುದಿಲ್ಲ.

ಒಂಟಿ ಕದ ಯಾಕೆ, ಜೋಡಿ ಯಾಕಲ್ಲ ಎಂದು ಕೇಳುವವರಿದ್ದಾರೆ. ಜೋಡಿ ಕದದವನು ತನ್ನ ಪಾಲಿನಲ್ಲಿ ಹೆಂಡತಿ, ಮಕ್ಕಳು, ವಯಸ್ಸಾದ ತಾಯಿ ಎಲ್ಲರನ್ನೂ ಸಾಕಬೇಕು. ಒಂಟಿ ಕದದವಳ ಪಾಲಿನಿಂದ ಗಂಡನಾದವನೂ ಹಕ್ಕಿನಿಂದ ಒಂದು ಚಮಚ ಸಕ್ಕರೆ ಕೇಳುವಂತಿಲ್ಲ ಎಂದು ಕಿತಾಬು ಓದಿದವರು ಹೇಳುತ್ತಾರೆ. ಈಗಿನ ಕಾಲಕ್ಕೆ ಅದು ಸಾಕೇ ಎಂದು ವಾದ ಮಾಡುವವರೂ ಇದ್ದಾರೆ. ಮಾಡಲಿ, ನನಗೂ ಕೇಳುವ ಆಸೆ ಇದೆ. ಆದರೆ ಆ ಒಂದು ಕದವನ್ನೂ ಯಾರೂ ತೆರೆಯದ ಊರಿನಲ್ಲಿ ಎರಡನೆಯದರ ಮಾತನ್ನು ಮೊದಲು ಎತ್ತುವವರನ್ನು ಕಂಡರೆ ನನಗೆ ನಗು ಬರುತ್ತದೆ.

ತೆರೆಯದೇ ಇರುವುದಕ್ಕೆ ನಮ್ಮಲ್ಲಿ ಒಂದು ಸೊಗಸಾದ ಪದ್ಧತಿ ಇದೆ. ಬಾಗಿಲು ಬಂದ ದಿನ ಅಣ್ಣನೋ ತಮ್ಮನೋ ತಟ್ಟೆಯಲ್ಲಿ ಒಂದು ಸೀರೆ, ಮಲ್ಲಿಗೆ, ಮಿಠಾಯಿ ಇಟ್ಟು ತರುತ್ತಾನೆ. ಅದಕ್ಕೆ ಬಾಗಿಲ ಸೀರೆ ಎಂದು ಹೆಸರು. ಹೆಣ್ಣುಮಗಳು ಅದನ್ನು ಕಣ್ಣಿಗೊತ್ತಿಕೊಂಡು "ಮಾಫ್ ಮಾಡಿದೆ" ಎನ್ನುತ್ತಾಳೆ, ಎಂದರೆ ನನ್ನ ಪಾಲು ಬಿಟ್ಟುಕೊಟ್ಟೆ ಎಂದು. ಎಲ್ಲರೂ ಕಣ್ಣೊರೆಸಿಕೊಳ್ಳುತ್ತಾರೆ. ಊಟದ ಹೊತ್ತಿಗೆ ಅಲ್ಮಾರಿ ಬಂದು ಗೋಡೆಗೆ ಒರಗಿ ನಿಲ್ಲುತ್ತದೆ. ಸೀರೆ ತೆಗೆದುಕೊಂಡವಳಿಗೆ ತವರು ಉಳಿಯಿತು: ಈದ್‌ಗೆ ಕರೆ ಬರುತ್ತದೆ, ಬಾಣಂತನಕ್ಕೆ ಮೂಲೆ ಸಿಗುತ್ತದೆ, ಗಂಡ ಸಿಟ್ಟಿಗೆದ್ದರೆ ನಾಲ್ಕು ದಿನ ಹೋಗಿರಲು ಒಂದು ಮನೆ ಇರುತ್ತದೆ. ತೆಗೆದುಕೊಳ್ಳದವಳಿಗೆ ಬಾಗಿಲು ಉಳಿದೀತು, ತವರು ಉಳಿಯುವುದಿಲ್ಲ. ಹೀಗೆಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ಮಾಫ್ ಮಾಡಿದ ಮೇಲೆ ಬಾಗಿಲು ಮಾಯವಾಗಬೇಕಲ್ಲ, ಯಾಕೆ ಆಗುವುದಿಲ್ಲ ಎಂದು ಚಿಕ್ಕವಳಿದ್ದಾಗ ಅಮ್ಮಿಯನ್ನು ಕೇಳಿದ್ದೆ. ಅಮ್ಮಿ, "ಸುಮ್ನೆ ಊಟ ಮಾಡು" ಎಂದಿದ್ದಳು.

ನನ್ನ ಹೆಸರು ಖೈರುನ್ನಿಸಾ. ಊರಿಗೆಲ್ಲ ಮಿಕ್ಸಿ ಖೈರು. ಮಿಕ್ಸಿ, ಗ್ರೈಂಡರ್, ಇಸ್ತ್ರಿಪೆಟ್ಟಿಗೆ, ಸುತ್ತುವ ಮತ್ತು ಬಿಸಿಯಾಗುವ ಯಾವುದನ್ನಾದರೂ ರಿಪೇರಿ ಮಾಡುತ್ತೇನೆ. ಈ ಕೆಲಸ ಕಲಿಸಿದವನು ನನ್ನ ಗಂಡನಾಗಿದ್ದವನು. ಕೈಕೆಲಸದಲ್ಲಿ ಗಟ್ಟಿಗ, ಕೈಯನ್ನು ಕೆಲಸಕ್ಕಷ್ಟೇ ಅಲ್ಲ, ನನ್ನ ಮೇಲೂ ಬಳಸುತ್ತಿದ್ದ. ಮದುವೆಯಲ್ಲಿ ಗಂಡ ಕೊಡಬೇಕಾದ ಮಹರ್ ಎಂದು ನನಗೆ ಹಾಕಿದ್ದ ಸರವನ್ನು ಕತ್ತಿನಿಂದ ಬಿಚ್ಚಿ ಅವನ ಮುಂದಿಟ್ಟು, ಖುಲಾ ಕೇಳಿ, ಬಿಡುಗಡೆ ಪಡೆದು ಬಂದೆ. ಹೆಂಡತಿಯೇ ಕೇಳಿ ಬಿಡಿಸಿಕೊಳ್ಳುವ ಈ ದಾರಿ ಕಿತಾಬಿನಲ್ಲಿ ಇದೆ ಎನ್ನುವುದು ಊರಿಗೆ ಗೊತ್ತಿತ್ತು, ಯಾರಾದರೂ ಹೋದಾರು ಎಂದು ಮಾತ್ರ ಗೊತ್ತಿರಲಿಲ್ಲ. ಆಮೇಲೆ ಬಾಡಿಗೆ ಕೋಣೆಗಳಲ್ಲಿ ಇದ್ದೆ. ಮಿಕ್ಸಿ ಸದ್ದಿಗೆ ತಲೆನೋವು ಎಂದು ಒಬ್ಬ ಮಾಲೀಕ ಬಿಡಿಸಿದ. ಒಂಟಿ ಹೆಂಗಸು ಎಂದು ಇನ್ನೊಬ್ಬ. ಮೂರನೆಯವನು ಕಾರಣವನ್ನೂ ಹೇಳಲಿಲ್ಲ. ಬೇರೆಯವರ ಬೀಗದ ಕೈ ಇಸಿದುಕೊಂಡು ಬದುಕುವುದು ನನಗೆ ಸಾಕಾಗಿ ಹೋಗಿತ್ತು. ಬೀದಿಗೆ ತೆರೆಯುವ, ಯಾರೂ ಖಾಲಿ ಮಾಡು ಎನ್ನಲಾಗದ ಒಂದು ಕೋಣೆ ನನಗೆ ಬೇಕಿತ್ತು.

ಅಬ್ಬಾ ತೀರಿಕೊಂಡರು. ನನಗೆ ತುಂಬ ದುಃಖವಾಯಿತು, ಇಂದಿಗೂ ಆಗುತ್ತದೆ. ಖುಲಾ ತೆಗೆದುಕೊಂಡು ಬಂದ ದಿನ ಊರೆಲ್ಲ ಮುಖ ತಿರುಗಿಸಿದಾಗ, ಕೆಟ್ಟಿಲ್ಲದ ರೇಡಿಯೋ ತಂದು "ರಿಪೇರಿ ಮಾಡಮ್ಮ" ಎಂದು ಎದುರಿಗೆ ಕುಳಿತವರು ಅವರು. ಆದರೆ ಅತ್ತು ಮುಗಿಸುವುದರೊಳಗೆ ನಮ್ಮ ಮನೆಯಂಗಳಕ್ಕೆ ಒಂದು ಹೊಸ ಅಲ್ಮಾರಿ ಬಂದು ನಿಂತಿತು. ನಲವತ್ತು ಇನ್ನೂ ಆಗಿರಲಿಲ್ಲ. ನನ್ನ ಅಣ್ಣ ಇಲಿಯಾಸ್ ಮುಂಜಾಗ್ರತೆಯ ಮನುಷ್ಯ, ಮಳೆಗಾಲಕ್ಕೆ ಬೇಸಿಗೆಯಲ್ಲೇ ಕೊಡೆ ಕೊಳ್ಳುವವನು. ಅದು ಅಂಗಳದ ನಡುವೆ, ಯಾರ ಬಾಗಿಲಿಗೆ ಹೋಗಬೇಕೋ ಗೊತ್ತಿಲ್ಲದೆ, ಮೈಮೇಲೆ ಗೋಣಿ ಹೊದ್ದು ನಿಂತಿತ್ತು. ನಾನು ಅದರ ಸುತ್ತ ಒಂದು ಸುತ್ತು ಬಂದು, "ಒಳ್ಳೆ ಮರ. ಭಾಯ್, ನಿನ್ನ ಬಟ್ಟೆಗೆ ಇಷ್ಟು ದೊಡ್ದು ಬೇಕಾ?" ಎಂದೆ.

ಅಣ್ಣ ನೆಲ ನೋಡಿದ. ಅವನು ಕೆಟ್ಟವನಲ್ಲ. ನನಗೆ ಜ್ವರ ಬಂದಾಗ ಕೆಲಸ ಬಿಟ್ಟು ಬಂದು ಗಂಜಿ ಕುಡಿಸಿದವನು. "ಖೈರು, ನಿಂಗೆ ನಾನು ಯಾವತ್ತಾದ್ರೂ ಕಮ್ಮಿ ಮಾಡಿದೀನಾ? ಈ ಮನೆ ನಿಂದೂ ಅಲ್ವಾ? ಯಾವಾಗ ಬೇಕಾದ್ರೂ ಬಾ, ಇರು, ಉಣ್ಣು" ಎಂದ. "ಬರೋದು ಇರೋದು ಅಲ್ಲ ಭಾಯ್. ನನ್ನ ಬಾಗಿಲು ನಂಗೆ ಬೇಕು" ಎಂದೆ. ಒಳಗಿನಿಂದ ಅತ್ತಿಗೆ ಶಾಕಿರಾ ಹೊಸ ಸೀರೆಯ ಪೊಟ್ಟಣ ಹಿಡಿದು ಬಂದಳು. ಗಿಣಿ ಹಸಿರು, ಅಗಲ ಜರಿ, ನಿಜವಾಗಿಯೂ ಚೆಂದದ ಸೀರೆ. "ನೋಡು, ಎಷ್ಟು ಅಂಗಡಿ ಅಲೆದು ತಂದಿದೀನಿ. ನಮ್ಮಣ್ಣ ನಂಗೆ ಕೊಟ್ಟ ಬಾಗಿಲ ಸೀರೆ ಇದರ ಮುಂದೆ ಏನೂ ಅಲ್ಲ. ನಾನು ತಗೊಂಡು ಸುಮ್ನೆ ಇಲ್ವಾ? ನಿಂಗೇನು ಬೇರೆ ಕೊಂಬು?" ಎಂದಳು. ಸೀರೆ ಚೆನ್ನಾಗಿದೆ, ನೀವೇ ಉಡಿ ಭಾಬಿ ಎಂದೆ. ಅವಳು ಮೂರು ದಿನ ನನ್ನ ಜೊತೆ ಮಾತು ಬಿಟ್ಟಳು.

ಸುದ್ದಿ ಬೀದಿಗೆ ಹಬ್ಬಿತು. ಮಿಕ್ಸಿ ಜಾರ್ ಹಿಡಿದು ಬಂದವರೆಲ್ಲ ಬುದ್ಧಿ ಹೇಳಿ ಹೋಗತೊಡಗಿದರು. ತವರು ಕಳೆದುಕೊಳ್ಳಬೇಡ, ಗಂಡನೂ ಇಲ್ಲ, ನಾಳೆ ಕೈಕಾಲು ಬಿದ್ದರೆ ಯಾರು ನೋಡುತ್ತಾರೆ ಎಂದರು. ನಾನು ಬ್ಲೇಡು ಬಿಗಿಮಾಡುತ್ತ ಎಲ್ಲರ ಮಾತೂ ಕೇಳಿದೆ. ಧೈರ್ಯ ನನಗೆ ಹುಟ್ಟಿನಿಂದಲೇ ಸ್ವಲ್ಪ ಜಾಸ್ತಿ. ಆದರೂ ಅಣ್ಣ ಈದ್‌ಗೆ ಕರೆಯದೇ ಹೋದರೆ, ಶಾವಿಗೆ ಪಾಯಸ ಮಾಡಿಕೊಂಡು ಒಬ್ಬಳೇ ಕುಳಿತು ತಿನ್ನುವುದನ್ನು ಊಹಿಸಿಕೊಂಡು ನನಗೆ ಭಯವಾಗಿದ್ದು ಸುಳ್ಳಲ್ಲ.

ನಲವತ್ತರ ಮಾರನೆಯ ಬೆಳಿಗ್ಗೆ ಬಾಗಿಲುಗಳು ಬಂದಿದ್ದವು. ಅಣ್ಣನ ಜೋಡಿ ಕದ ಪಡಸಾಲೆಯಲ್ಲಿ. ಅಮ್ಮಿಯ ಗಿಡ್ಡ ಬಾಗಿಲು ಅಡುಗೆಮನೆಯ ಪಕ್ಕದಲ್ಲಿ. ನನ್ನ ಒಂಟಿ ಕದ ಬೀದಿ ಕಡೆಯ ಚಿಕ್ಕ ಕೋಣೆಯಲ್ಲಿ, ಅಬ್ಬಾ ಸೈಕಲ್ ನಿಲ್ಲಿಸುತ್ತಿದ್ದ ಜಾಗದಲ್ಲಿ. ಹೊಸ ಮರದ ವಾಸನೆ ಇನ್ನೂ ಹೋಗಿರಲಿಲ್ಲ. ನಾನು ಅದರ ಮೇಲೆ ಅಂಗೈ ಇಟ್ಟು ನಿಂತುಬಿಟ್ಟೆ. ಅಲ್ಲಿ ಒಂದು ಮೇಜು, ಇಲ್ಲಿ ಸ್ವಿಚ್‌ಬೋರ್ಡು, ಹೊರಗೆ ಒಂದು ಫಲಕ ಎಂದು ಮನಸ್ಸು ಓಡುತ್ತಿತ್ತು. ಅಷ್ಟರಲ್ಲಿ ನೆಂಟರು, ನೆರೆಯವರು ಸೇರಿದರು. ಅಣ್ಣ ತಟ್ಟೆ ತಂದ. ನಾನು ಮಲ್ಲಿಗೆಯನ್ನಷ್ಟೇ ಎತ್ತಿಕೊಂಡು ಮುಡಿದು, ಸೀರೆ ಮುಟ್ಟದೆ, "ಬಿಸ್ಮಿಲ್ಲಾ" ಎಂದು ಚಿಲಕ ತೆಗೆದೆ. ನಮ್ಮ ಬೀದಿಯಲ್ಲಿ ನಾನು ನೋಡಿರುವ ಮಟ್ಟಿಗೆ ಯಾವ ಹೆಂಗಸೂ ತನ್ನ ಬಾಗಿಲು ತೆರೆದಿರಲಿಲ್ಲ. ಆದ್ದರಿಂದ ತೆರೆದರೆ ಏನಾಗುತ್ತದೆ ಎಂದು ಯಾರಿಗೂ ಗೊತ್ತಿರಲಿಲ್ಲ.

ಬಾಗಿಲು ಸಲೀಸಾಗಿ ತೆರೆಯಿತು. ಅದರಾಚೆ ಬೀದಿ ಇರಲಿಲ್ಲ. ಹಲಗೆ ಇತ್ತು. ಉದ್ದುದ್ದ ಹೊಡೆದ ಹಳೆಯ ಕಂದು ಹಲಗೆ, ಮೂಗಿಗೆ ನುಸಿಗುಳಿಗೆಯ ವಾಸನೆ. ತಳ್ಳಿದೆ, ಜಗ್ಗಲಿಲ್ಲ. ಹಿಂದೆ ಯಾರೋ ಕಿಸಕ್ಕೆಂದರು. ಅಣ್ಣ ಮುಂದೆ ಬಂದು ಬಗ್ಗಿ ನೋಡಿದ. ಬೀದಿಗೆ ಹೋಗಿ ಹೊರಗಿನಿಂದ ನೋಡಿ ಬಂದ. ಹೊರಗೆ ನನ್ನ ಬಾಗಿಲು ಇದ್ದೇ ಇತ್ತು, ಮುಚ್ಚಿಕೊಂಡಿತ್ತು. "ಇದು ಅಲ್ಮಾರಿ ಬೆನ್ನು" ಎಂದವಳು ಶಾಕಿರಾ. ಅಣ್ಣ ಏನೋ ಹೊಳೆದವನಂತೆ ಮನೆಯ ಹಿಂಭಾಗಕ್ಕೆ, ಅಬ್ಬಾ ಮಲಗುತ್ತಿದ್ದ ದೊಡ್ಡ ಕೋಣೆಗೆ ಹೋದ. ಅಲ್ಲಿ ಹಳೆಯ ತೇಗದ ಅಲ್ಮಾರಿ ಒಂದಿದೆ. ಅವನು ಅದರ ಕದ ತೆಗೆದು ಒಳಗೆ ಬಡಿದ. ಟಕ್ ಟಕ್ ಎಂದು ಸದ್ದು ಬಂದದ್ದು ನನ್ನ ಎದುರಿನ ಹಲಗೆಯಿಂದ.

ಆ ತೇಗದ ಅಲ್ಮಾರಿಯ ಹಿಂದೆ ಇರುವುದು ಜುಲೇಖಾ ಫುಫು ಬಾಗಿಲು. ಫುಫು ಎಂದರೆ ಅಬ್ಬಾನ ತಂಗಿ. ಅಜ್ಜ ತೀರಿಕೊಂಡಾಗ ಬಂದ ಬಾಗಿಲು ಅದು. ಅವಳೂ ಸೀರೆ ತೆಗೆದುಕೊಂಡು ಮಾಫ್ ಮಾಡಿದ್ದಳು. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ, ಗೋಡೆಯ ಬಣ್ಣ ಗೊತ್ತಿರುವ ಹಾಗೆ. ಅದಕ್ಕೂ ನನ್ನ ಬಾಗಿಲಿಗೂ ಏನು ಸಂಬಂಧ ಎಂದು ಯಾರಿಗೂ ತಿಳಿಯಲಿಲ್ಲ. ಹೆಚ್ಚು ಮಾತಿನವರೊಬ್ಬರು, ಹಠ ಮಾಡುವ ಹೆಣ್ಣಿಗೆ ಇದೇ ಪಾಠ ಎಂದರು. ಅಣ್ಣ ಮೆಲ್ಲಗೆ ತಟ್ಟೆಯನ್ನು ಮತ್ತೆ ನನ್ನ ಕಡೆ ಸರಿಸಿದ. ನನಗೆ ಸಿಟ್ಟು ನೆತ್ತಿಗೇರಿತು. ಸೆರಗು ಬಿಗಿದು ಮಸೀದಿಯ ಹಾದಿ ಹಿಡಿದೆ.

ಶುಕ್ರವಾರದ ಖುತ್ಬಾ ಪ್ರವಚನ ಓದುವ ಖತೀಬ್ ಸಾಹೇಬರು ಮೃದು ಮನುಷ್ಯ. ಪ್ರತಿ ರಮ್ಜಾನಿನಲ್ಲಿ ಪಾಲಿನ ಬಗ್ಗೆ ಕುರಾನಿನಲ್ಲಿರುವ ಆಯತ್ತನ್ನು ಓದಿ, ತಂದೆತಾಯಿ ಬಿಟ್ಟುಹೋದದ್ದರಲ್ಲಿ ಗಂಡಸರಿಗೂ ಪಾಲಿದೆ, ಹೆಂಗಸರಿಗೂ ಪಾಲಿದೆ, ಕಮ್ಮಿಯಿರಲಿ ಜಾಸ್ತಿಯಿರಲಿ ಅದು ನಿಶ್ಚಯವಾದ ಪಾಲು ಎಂದು ಅರ್ಥ ಹೇಳುವಾಗ ಅವರ ಕಣ್ಣು ಒದ್ದೆಯಾಗುತ್ತದೆ. ಆಮೇಲೆ ಮನೆಗೆ ಹೋಗಿ ಅಲ್ಮಾರಿಗಳ ನಡುವೆ ಮಲಗುತ್ತಾರೆ. ಅವರು ನನ್ನ ಜೊತೆ ಬಂದು ನನ್ನ ಬಾಗಿಲ ಹಲಗೆಯನ್ನು ಸವರಿ ನೋಡಿ, "ಇಲಿಯಾಸ್, ನಿಮ್ಮ ತಂದೆ ಬಿಟ್ಟು ಹೋಗಿದ್ದು ಅವರದಾಗಿದ್ರೆ ತಾನೆ ನೀವು ಹಂಚಿಕೊಳ್ಳೋದು? ಅವರ ಹತ್ರ ಇನ್ನೊಬ್ಬರದು ಉಳಿದುಹೋಗಿದೆ. ಅದು ಮೊದಲು ಹೋಗಬೇಕು" ಎಂದರು. ಫುಫು ಮಾಫ್ ಮಾಡಿದಾರಲ್ಲ ಎಂದ ಅಣ್ಣ. "ಕೈಗೇ ಬರದೆ ಇದ್ದದ್ದನ್ನ ಕೊಟ್ಟೆ ಅಂದ್ರೆ ಹೆಂಗಪ್ಪ? ಮೊದಲು ಅವರ ಕೈಗೆ ಬರ್ಲಿ. ಆಮೇಲೆ ಖುಷಿಯಿಂದ ಕೊಟ್ರೆ ಅದು ಕೊಟ್ಟ ಹಾಗೆ" ಎಂದರು. ಹೊರಡುವಾಗ ನಾನು, "ನಿಮ್ಮ ಮನೆಲೂ ಅಲ್ಮಾರಿ ಇವೆ ಅಲ್ವಾ ಹಜ್ರತ್?" ಎಂದೆ. ಅವರಿಗೆ ಆ ಹೊತ್ತಿಗೆ ಸರಿಯಾಗಿ ಕೆಮ್ಮು ಬಂತು.

ಸಂಜೆ ಅಣ್ಣ ನನ್ನನ್ನು ಪಕ್ಕಕ್ಕೆ ಕರೆದ. "ನೋಡು, ಫುಫು ಪಾಲು ಅಂದ್ರೆ ಆ ದೊಡ್ಡ ಕೋಣೆ ಪೂರ್ತಿ. ಅದು ಹೋದ್ಮೇಲೆ ಉಳಿದಿದ್ರಲ್ಲಿ ಎಲ್ಲಾ ಬಾಗಿಲೂ ಸರಿದುಕೊಳ್ತವೆ. ನಿಂಗೆ ಸಿಗೋದು ಎಷ್ಟು? ಈ ಕೋಣೆಯೂ ಅರ್ಧ ಆಗುತ್ತೆ. ನಾನೂ ಕಳ್ಕೊತೀನಿ, ನೀನೂ ಕಳ್ಕೊತೀಯ. ಈ ವಿಷಯ ನಮ್ಮ ನಮ್ಮಲ್ಲೇ ಇರ್ಲಿ. ಮೇಲೆ ಒಂದು ಕೋಣೆ ಕಟ್ಟಿಸಿಕೊಡ್ತೀನಿ ನಿಂಗೆ" ಎಂದ. ಸುಳ್ಳೇಕೆ, ನನ್ನ ಮನಸ್ಸು ಒಂದು ಕ್ಷಣ ವಾಲಿತು. ಮೇಲಿನ ಕೋಣೆ, ಗಾಳಿ, ಬೆಳಕು. ಆದರೆ ಕಟ್ಟಿಸಿಕೊಡುವವನು ಅವನಾದರೆ ಅದು ಮತ್ತೆ ಅವನ ಬೀಗದ ಕೈಯೇ ಆಯಿತಲ್ಲ ಎನಿಸಿತು. ಅದಕ್ಕಿಂತ ಹೆಚ್ಚಾಗಿ, ನನ್ನ ಹಕ್ಕು ಎಂದು ಊರೆಲ್ಲ ಕೇಳುವಂತೆ ಕೂಗಿದವಳು ಇನ್ನೊಬ್ಬಳ ಹಕ್ಕಿನ ಮೇಲೆ ಮೇಜು ಹಾಕಿ ಕೂರುವುದೇ? ನನಗೆ ನನ್ನ ಮೇಲೇ ನಾಚಿಕೆಯಾಯಿತು. "ಅರ್ಧ ಆದ್ರೆ ಆಗ್ಲಿ. ಮಿಕ್ಸಿ ರಿಪೇರಿಗೆ ಮೈದಾನ ಬೇಕಾಗಿಲ್ಲ" ಎಂದೆ.

ಜುಲೇಖಾ ಫುಫು ಊರಿನ ಇನ್ನೊಂದು ಕೊನೆಯಲ್ಲಿ ಮಗ ಸೊಸೆಯ ಜೊತೆ ಇರುತ್ತಾಳೆ. ಸಣ್ಣ ದೇಹ, ದೊಡ್ಡ ದನಿ. ನಾನು ವಿಷಯ ಹೇಳಿ ಮುಗಿಸುವುದರೊಳಗೆ ಎಲೆಅಡಿಕೆ ಉಗುಳಿ ಎದ್ದು ನಿಂತಳು. "ನಮ್ಮಣ್ಣನ ಗೋರಿ ಮೇಲಿನ ಮಣ್ಣು ಇನ್ನೂ ಒಣಗಿಲ್ಲ. ಅವನ ಮೇಲೆ ಈ ಮಾತು ಹೊರಿಸೋಕೆ ಬಂದ್ಯಾ? ನಾನು ಕೇಳಿದ್ನಾ ನಿಂಗೆ? ಆ ಬಾಗಿಲು ತೆಗೆದ್ರೆ ನಮ್ಮಣ್ಣ ತಂಗಿ ಪಾಲು ತಿಂದವನು ಅಂತಾಗುತ್ತೆ. ಪ್ರತಿ ಈದ್‌ಗೂ ಗಾಡಿ ಕಳಿಸಿದವನು ಅವನು!" ಎಂದಳು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೂ ಅಳು ಬಂತು. "ಅಬ್ಬಾನ ಮೇಲೆ ಹೊರಿಸೋಕಲ್ಲ ಫುಫು, ಇಳಿಸೋಕೆ ಬಂದಿದೀನಿ. ಬೇರೆ ಎಲ್ಲಾ ತಪ್ಪನ್ನ ಅಲ್ಲಾಹ್ ಕ್ಷಮಿಸ್ತಾನೆ, ಇದನ್ನ ನೀವೇ ಬಿಡಿಸ್ಬೇಕು" ಎಂದೆ. "ನಾನು ಆವತ್ತೇ ಮಾಫ್ ಮಾಡಿದೀನಿ." "ಮಾಡಿದ್ರೆ ಬಾಗಿಲು ಇನ್ನೂ ಯಾಕಿದೆ ಫುಫು?" ಎಂದೆ. ಅವಳು ನನ್ನನ್ನು ದಿಟ್ಟಿಸಿ ನೋಡಿ, ಒಳಗೆ ಹೋಗಿಬಿಟ್ಟಳು. ಆ ಮನೆಯಿಂದ ಚಹಾ ಕುಡಿಯದೆ ನಾನು ಹೊರಬಿದ್ದದ್ದು ಅದೇ ಮೊದಲು.

ಸೋತ ಮುಖ ಹೊತ್ತು ಮನೆಗೆ ಬಂದರೆ, ದೊಡ್ಡ ಕೋಣೆಯಲ್ಲಿ ಅಮ್ಮಿ ತೇಗದ ಅಲ್ಮಾರಿಯ ಮುಂದೆ ಕುಳಿತಿದ್ದಳು. ಗಂಡ ಸತ್ತ ಮೇಲೆ ಮನೆಯಲ್ಲೇ ಕಳೆಯಬೇಕಾದ ಇದ್ದತ್ತಿನಲ್ಲಿ ಇದ್ದವಳು, ಬೀದಿಯ ಹೊಸ್ತಿಲು ದಾಟುತ್ತಿರಲಿಲ್ಲ, ಹೆಚ್ಚು ಮಾತೂ ಆಡುತ್ತಿರಲಿಲ್ಲ. ಒಂದೊಂದೇ ಅರೆಯಿಂದ ರಜಾಯಿ, ಚಾದರ, ಲೋಟಗಳ ಪೆಟ್ಟಿಗೆ ಇಳಿಸಿ ಅಂಗಳದ ಹೊಸ ಅಲ್ಮಾರಿಗೆ ಸಾಗಿಸುತ್ತಿದ್ದಳು. ಶಾಕಿರಾ ಬೇಡ ಬೇಡ ಎನ್ನುತ್ತಲೇ ಕೈಜೋಡಿಸುತ್ತಿದ್ದಳು. ಅಣ್ಣ ಬಾಗಿಲಲ್ಲಿ ನಿಂತು, "ಅಮ್ಮಿ, ಇದೇನಿದು? ಅಬ್ಬಾ ಇದ್ದಾಗ ಒಂದು ಮಾತಾದ್ರೂ ಆಡಿದ್ದೆಯಾ ನೀನು?" ಎಂದ.

ಅಮ್ಮಿ ಕೆಲಸ ನಿಲ್ಲಿಸಲಿಲ್ಲ. "ಆಡ್ಬೇಕಿತ್ತು. ಜುಲೇಖಾ ಈದ್‌ಗೆ ಬಂದಾಗೆಲ್ಲ ಎಲ್ಲಿ ಕೂರ್ತಿದ್ಲು ಗೊತ್ತಾ? ಸೋಫಾ ಇರ್ಲಿ, ಮಂಚ ಇರ್ಲಿ, ನೆಲದ ಮೇಲೆ ಕೂತು ಈ ಅಲ್ಮಾರಿಗೆ ಬೆನ್ನು ಕೊಡ್ತಿದ್ಲು. ಊಟ ಅಲ್ಲೇ, ಮಾತು ಅಲ್ಲೇ. ನಾನು ಇಷ್ಟು ವರ್ಷ ತಟ್ಟೆ ತಂದು ಅವಳ ಮುಂದೆ ಇಟ್ಟು ಹೋಗಿದೀನಿ. ನನ್ನ ಕಣ್ಣಿಗೆ ಕಾಣ್ತಿರಲಿಲ್ಲ ಅಂತ ಅಂದ್ಕೊಂಡಿದೀಯಾ?" ಎಂದಳು. ಆಮೇಲೆ ಶಾಕಿರಾ ಕಡೆ ತಿರುಗಿ, "ನೀನು ಹೋಗಿ ಬಾ. ಖೈರು ಮಾತು ಅವಳಿಗೆ ಖಾರ. ನಾನು ಹೇಳ್ದೆ ಅಂತ ಹೇಳು, ಅಲ್ಮಾರಿ ಖಾಲಿ ಆಗಿದೆ, ಎತ್ತಿಸ್ತಾ ಇದೀನಿ, ಇನ್ನು ಬೆನ್ನು ಕೊಡೋಕೆ ಏನೂ ಇರಲ್ಲ ಅಂತ" ಎಂದಳು. ಶಾಕಿರಾ ಗಂಡನ ಮುಖ ನೋಡಿದಳು, ಅತ್ತೆಯ ಮುಖ ನೋಡಿದಳು. ಬುರ್ಖಾ ಹಾಕಿಕೊಂಡು ಹೋದಳು.

ಮಾರನೆಯ ದಿನ ಜುಮ್ಮಾ ನಮಾಜು ಬಿಟ್ಟ ಹೊತ್ತಿಗೆ ಜುಲೇಖಾ ಫುಫು ಬಂದಳು. ಯಾರ ಜೊತೆಯೂ ಇಲ್ಲದೆ, ಯಾವ ಗಾಡಿಯೂ ಇಲ್ಲದೆ, ನಡೆದೇ ಬಂದಿದ್ದಳು. ನನ್ನ ಜೊತೆ ಮಾತಾಡಲಿಲ್ಲ. ನೇರ ದೊಡ್ಡ ಕೋಣೆಗೆ ಹೋದಳು. ಅಣ್ಣ, ನಾನು, ನೆರೆಯ ಇಬ್ಬರು ಸೇರಿ ಬೆಳಿಗ್ಗೆಯೇ ಅಲ್ಮಾರಿಯನ್ನು ಎತ್ತಿ ಪಕ್ಕಕ್ಕಿಟ್ಟಿದ್ದೆವು. ಅಮ್ಮಿ ಹೇಳಿದ ಮೇಲೆ ಅಣ್ಣ ಎದುರಾಡಲಿಲ್ಲ, ಮುಖ ಮಾತ್ರ ಊದಿತ್ತು. ಗೋಡೆಯ ಮೇಲೆ ಅಲ್ಮಾರಿ ಇದ್ದಷ್ಟು ಜಾಗ ಹಳೆಯ ನೀಲಿ ಸುಣ್ಣ ಹಾಗೇ ಉಳಿದಿತ್ತು. ಅದರ ನಡುವೆ ಒಂಟಿ ಕದ. ಜೇಡರಬಲೆ ಬಿಟ್ಟರೆ ಅದಕ್ಕೆ ಏನೂ ಆಗಿರಲಿಲ್ಲ.

ಫುಫು ಅದನ್ನು ನೋಡುತ್ತ ನಿಂತಳು. "ನಾನು ಇದನ್ನ ಸರಿಯಾಗಿ ನೋಡೇ ಇರಲಿಲ್ಲ. ಆವತ್ತು ತಟ್ಟೆ ಎದುರಿಗಿತ್ತು, ಕಣ್ಣಲ್ಲಿ ನೀರಿತ್ತು" ಎಂದಳು. ಸೆರಗಿನಿಂದ ಬಲೆ ಒರೆಸಿದಳು. ಚಿಲಕಕ್ಕೆ ಕೈ ಹಾಕಿ ಅಮ್ಮಿಯ ಕಡೆ ತಿರುಗಿದಳು. ಅಮ್ಮಿ ತಲೆಯಾಡಿಸಿದಳು. ಕದ ಮೊದಲು ಮಿಸುಕಲಿಲ್ಲ, ಮರ ಉಬ್ಬಿತ್ತು. ನಾನು ಮುಂದೆ ಹೋದೆ. "ದೂರ ನಿಲ್ಲು, ನಂದು ನಾನೇ ತೆಗೀತೀನಿ" ಎಂದು ಗದರಿ, ಭುಜ ಕೊಟ್ಟು ನೂಕಿದಳು. ಕದ ದಡಾರನೆ ಹಿಂದಕ್ಕೆ ಹೊಡೆಯಿತು. ಹಿತ್ತಲ ಬೀದಿಯ ಬಿಸಿಲು ಕೋಣೆಯ ಆಚೆ ಗೋಡೆಯವರೆಗೂ ಬಂತು. ಬೀದಿಯಲ್ಲಿ ಹೋಗುತ್ತಿದ್ದ ಸೊಪ್ಪಿನವಳು ಬುಟ್ಟಿ ಹೊತ್ತೇ ನಿಂತು ಒಳಗೆ ನೋಡಿ, "ಓ, ಇಲ್ಲೊಂದು ಮನೆ ಐತಾ?" ಎಂದಳು. ಫುಫು "ಐತೆ" ಎಂದಳು. ಎಂದವಳೇ ಹೊಸ್ತಿಲ ಮೇಲೆ ಕುಳಿತು, ಚಿಕ್ಕ ಹುಡುಗಿಯ ಹಾಗೆ ಬಿಕ್ಕಿ ಬಿಕ್ಕಿ ಅತ್ತಳು. ಅಮ್ಮಿ ಹೋಗಿ ಅವಳ ಪಕ್ಕದಲ್ಲಿ, ಹೊಸ್ತಿಲು ದಾಟದ ಹಾಗೆ, ಒಳಗೇ ಕುಳಿತಳು.

ಅತ್ತು ಹಗುರಾದ ಮೇಲೆ ಫುಫು ಮೂಗೊರೆಸಿಕೊಂಡಳು. ಎಲ್ಲರೂ ಅವಳ ಬಾಯನ್ನೇ ನೋಡುತ್ತಿದ್ದರು. ಅಣ್ಣ ಗಂಟಲು ಸರಿಮಾಡಿಕೊಂಡು, ಆದಷ್ಟು ಮೆಲ್ಲಗೆ, "ಫುಫು, ಈಗ ನಿಮ್ಮ ಕೈಗೆ ಬಂತಲ್ಲ. ಕೈಗೆ ಬಂದ್ಮೇಲೆ ಖುಷಿಯಿಂದ ಕೊಟ್ರೆ ಅದು ಸರಿಯಾದ ಕೊಡೋದು ಅಂತ ಖತೀಬ್ ಸಾಹೇಬರೂ ಹೇಳಿದಾರೆ" ಎಂದ. ಅವಳು ಕೊಟ್ಟುಬಿಟ್ಟರೆ ಅದೂ ಅವಳ ಹಕ್ಕೇ, ನಾನು ಆಡುವುದಕ್ಕೆ ಒಂದು ಮಾತೂ ಇರಲಿಲ್ಲ. ಫುಫು ಅಣ್ಣನನ್ನು ಪ್ರೀತಿಯಿಂದಲೇ ನೋಡಿದಳು. "ಕೊಟ್ರೂ ಕೊಡ್ತೀನಪ್ಪ. ಅವಸರ ಮಾಡ್ಬೇಡ. ಸ್ವಲ್ಪ ದಿನ ನಂದಾಗಿ ಇರ್ಲಿ, ಹೆಂಗಿರುತ್ತೆ ನೋಡ್ತೀನಿ" ಎಂದಳು.

ನಾನು ಓಡಿದೆ. ಮುಂದಿನ ಚಿಕ್ಕ ಕೋಣೆಗೆ. ಅಣ್ಣ ಹೇಳಿದ ಹಾಗೆ ಗೋಡೆ ಸರಿದಿತ್ತು, ಕೋಣೆ ಕಿರಿದಾಗಿತ್ತು, ಕೈ ಚಾಚಿದರೆ ಎರಡೂ ಕಡೆ ಮುಟ್ಟುವಷ್ಟು. ಬಾಗಿಲು ಮಾತ್ರ ಅಷ್ಟೇ ಎತ್ತರ ಇತ್ತು. ಚಿಲಕ ತೆಗೆದೆ. ಬೀದಿ ಕಂಡಿತು. ಧೂಳು ಹಿಡಿದ, ಗಲಾಟೆಯ ನಮ್ಮದೇ ಬೀದಿ. ಎದುರಿಗೆ ಪಂಕ್ಚರ್ ಅಂಗಡಿ, ಬಾಳೆಹಣ್ಣಿನ ತಳ್ಳುಗಾಡಿ. ಅಷ್ಟು ಸುಂದರವಾದದ್ದನ್ನು ನಾನು ನೋಡಿಲ್ಲ. ಹೊಸ್ತಿಲ ಮೇಲೆ ನಿಂತು ಅಲ್‌ಹಮ್ದುಲಿಲ್ಲಾ ಎಂದೆ, ಜೋರಾಗಿಯೇ ಎಂದೆ.

ಹಿಂದೆ ಅಣ್ಣ ಬಂದು ನಿಂತಿದ್ದ. ಸಿಟ್ಟಿತ್ತೋ, ಸಂಕಟವೋ, ಎರಡೂ ಇದ್ದವೋ. "ಇನ್ನು ನಿನ್ನ ಈದ್‌ಗೆ ಕರೀಬೇಕಾ ಬೇಡ್ವಾ, ಅದನ್ನಾದ್ರೂ ಹೇಳು" ಎಂದ. ಪಾಪ, ಅವನಿಗೆ ನಿಜಕ್ಕೂ ಗೊತ್ತಿರಲಿಲ್ಲ. ಬಾಗಿಲು ತೆರೆದ ತಂಗಿಯ ಜೊತೆ ಹೇಗಿರಬೇಕೆಂದು ನಮ್ಮ ಊರಿನಲ್ಲಿ ಯಾವ ಅಣ್ಣನಿಗೂ ಯಾರ ಅಪ್ಪನೂ ಕಲಿಸಿರಲಿಲ್ಲ. ನನ್ನ ಎದೆಯಲ್ಲಿ ಇಷ್ಟು ದಿನ ಕುಳಿತಿದ್ದ ಭಯ ಆಗ ಇಳಿದುಹೋಯಿತು. "ಕರಿ. ಬರ್ತೀನಿ. ಬೆಳಿಗ್ಗೆ ನಿನ್ನ ಮನೆ ಪಾಯಸ, ಮಧ್ಯಾಹ್ನ ನನ್ನ ಮನೆ ಬಿರಿಯಾನಿ. ಕೂರೋಕೆ ಜಾಗ ಇಲ್ಲ, ನಿಂತ್ಕೊಂಡು ತಿನ್ನು" ಎಂದೆ. ಅವನು ನಗದಿರಲು ಪ್ರಯತ್ನಪಟ್ಟು ಸೋತ.

ಶಾಕಿರಾ ಅಷ್ಟು ಹೊತ್ತೂ ಕೋಣೆಯ ಮೂಲೆಯಲ್ಲಿ ನಿಂತು ನನ್ನ ಬಾಗಿಲನ್ನು ಮೇಲಿಂದ ಕೆಳಗೆ ನೋಡುತ್ತಿದ್ದಳು. ಚೌಕಟ್ಟು ಸವರಿದಳು. ಕದವನ್ನು ಒಮ್ಮೆ ತಳ್ಳಿ ನೋಡಿದಳು, ಅದು ಅವಳ ಕೈಗೆ ಅಲ್ಲಾಡಲಿಲ್ಲ. ಆಮೇಲೆ ಒಳಗೆ ಹೋಗಿ ಬುರ್ಖಾ ಹಾಕಿಕೊಂಡು ಬಂದು, "ಖೈರು, ನಿನ್ನ ಬಾಗಿಲಿಂದ ಹೊರಗೆ ಹೋಗಬಹುದಾ?" ಎಂದು ಕೇಳಿದಳು. ನನ್ನನ್ನು ಅಪ್ಪಣೆ ಕೇಳಿದವರಲ್ಲಿ ಅವಳೇ ಮೊದಲಿಗಳು. ಹೋಗಿ ಭಾಬಿ, ಎಲ್ಲಿಗೆ ಎಂದೆ. "ನಮ್ಮಣ್ಣನ ಮನೆಗೆ. ಅಲ್ಲೂ ಒಂದು ಅಲ್ಮಾರಿ ಇದೆಯಲ್ಲ" ಎಂದಳು.

ಅಣ್ಣನ ಮುಖ ಥಟ್ಟನೆ ಅರಳಿತು. ಚಪ್ಪಲಿ ಹುಡುಕುತ್ತ, "ತಡಿ ತಡಿ, ನಾನೂ ಬರ್ತೀನಿ. ಅವರ ಮನೆ ಅಲ್ಮಾರಿ ಬೀಟೆ ಮರದ್ದು, ಭಾರ ಇರುತ್ತೆ. ಆ ಕೋಣೆಗೆ ರಸ್ತೆ ಕಡೆ ಗೋಡೆ ಇದೆ, ಬಾಡಿಗೆಗೆ ಕೊಟ್ರೆ ನಮಗೆ..." ಎಂದು ಶುರುಮಾಡಿದ.

ಹೊಸ್ತಿಲ ಮೇಲೆ ಒಂದು ಕಾಲಿಟ್ಟಿದ್ದ ಶಾಕಿರಾ ತಿರುಗಿ ನಿಂತಳು. ಗಂಡನ ಎದುರು ಅವಳು ದನಿ ಎತ್ತಿದ್ದನ್ನು ನಾನು ಎಂದೂ ಕೇಳಿರಲಿಲ್ಲ, ಆಗಲೂ ಎತ್ತಲಿಲ್ಲ. "ನೀವು ಬರೋದು ಬೇಡ. ನಮ್ಮಪ್ಪ ನಂಗೆ ಬಿಟ್ಟಿದ್ದು ಅದು, ನಮಗಲ್ಲ" ಎಂದಳು. ಅಣ್ಣ ಒಂದು ಚಪ್ಪಲಿ ಕಾಲಲ್ಲಿ, ಇನ್ನೊಂದು ಕೈಯಲ್ಲಿ ಹಿಡಿದು ಹಾಗೇ ನಿಂತ. ಅವಳು ಮೆಟ್ಟಿಲಿಳಿದು ಬೀದಿಯಲ್ಲಿ ನಾಲ್ಕು ಹೆಜ್ಜೆ ಹೋಗಿ, ನಿಂತು, ನನ್ನನ್ನು ಕೂಗಿದಳು: "ಬಾರೇ ಖೈರು. ಎತ್ತೋಕೆ ಒಂದು ಕೈ ಬೇಕು."

ನಾನು ನನ್ನ ಬಾಗಿಲನ್ನು ಎಳೆದುಕೊಂಡು ಅವಳ ಹಿಂದೆ ಹೊರಟೆ.